ತುಟಿ ಒಬ್ಬರದು, ದನಿ ಇನ್ನೊಬ್ಬರದು: ‘ಸಿಂಗಿನ್ ಇನ್ ದ ರೇನ್’ ಚಿತ್ರದಲ್ಲಿ ನಿಜಕ್ಕೂ ಹಾಡಿದವರು ಯಾರು?

ಪ್ರಶ್ನೆ: 1952ರ ‘ಸಿಂಗಿನ್ ಇನ್ ದ ರೇನ್’ ಚಿತ್ರವನ್ನು ಮೊನ್ನೆ ಮಗಳ ಜೊತೆ ನೋಡಿದೆ. ಮಳೆಯಲ್ಲಿ ಕುಣಿಯುವ ಹಾಡು ಮೊದಲೇ ಗೊತ್ತಿತ್ತು, ಕಥೆ ಗೊತ್ತಿರಲಿಲ್ಲ. ಮೂಕಿ ಸಿನಿಮಾದ ದೊಡ್ಡ ನಟಿಯ ದನಿ ಕೀರಲು. ಟಾಕಿ ಬಂದಾಗ ಬೇರೊಬ್ಬ ಹುಡುಗಿಯಿಂದ ಅವಳಿಗೆ ಮಾತು, ಹಾಡು ಎರಡನ್ನೂ ಡಬ್ ಮಾಡಿಸುತ್ತಾರೆ. ಕೊನೆಗೆ ಪರದೆ ಎಳೆದು ಗುಟ್ಟು ರಟ್ಟು ಮಾಡುತ್ತಾರೆ. ಹೀಗೆಲ್ಲ ನಿಜವಾಗಿ ನಡೆದಿತ್ತಾ? ಆ ಡಬ್ಬಿಂಗ್ ಹುಡುಗಿಯ ಪಾತ್ರ ಮಾಡಿದವರಿಗೇ ಬೇರೆಯವರು ಹಾಡಿದ್ದಾರೆ ಅಂತ ಎಲ್ಲೋ ಓದಿದೆ, ಹೌದಾ? ಹಿನ್ನೆಲೆ ಗಾಯನ ನಮಗೆ ಮಾಮೂಲಿ ಅಲ್ವಾ, ಅವರಿಗೆ ಯಾಕೆ ಅದು ಅಷ್ಟು ದೊಡ್ಡ ಹಗರಣ?

ಉತ್ತರ: ನಿಮ್ಮ ಎರಡನೆಯ ಪ್ರಶ್ನೆಯಿಂದ ಶುರು ಮಾಡುತ್ತೇನೆ. ನೀವು ಓದಿದ್ದು ನಿಜ.

ಡಬ್ಬಿಂಗ್ ಹುಡುಗಿ ಕ್ಯಾಥಿಯ ಪಾತ್ರ ಮಾಡಿದವರು ಡೆಬ್ಬಿ ರೆನಾಲ್ಡ್ಸ್. ಕೀರಲು ದನಿಯ ತಾರೆ ಲೀನಾ ಲಮಾಂಟ್ ಆದವರು ಜೀನ್ ಹೇಗನ್. ‘ವುಡ್ ಯೂ’ ಅನ್ನುವ ಹಾಡನ್ನು ನೆನಪು ಮಾಡಿಕೊಳ್ಳಿ. ಕ್ಯಾಥಿ ಮೈಕ್ ಮುಂದೆ ನಿಂತು ಹಾಡಲು ಶುರು ಮಾಡುತ್ತಾಳೆ. ಹಾಡು ನಿಲ್ಲುವುದಿಲ್ಲ, ದೃಶ್ಯ ಮಾತ್ರ ಬದಲಾಗುತ್ತದೆ. ಈಗ ಸೆಟ್ಟಿನಲ್ಲಿ ಲೀನಾ ಅದೇ ಹಾಡಿಗೆ ತುಟಿ ಆಡಿಸುತ್ತಿದ್ದಾಳೆ. ದೃಶ್ಯ ಮತ್ತೆ ಬದಲಾಗುತ್ತದೆ. ಈಗ ಅದು ಮುಗಿದ ಕಪ್ಪು-ಬಿಳುಪು ಸಿನಿಮಾ, ತೆರೆಯ ಮೇಲೆ ಓಡುತ್ತಿದೆ. ಎಲ್ಲೂ ರಾಗ ಕಡಿಯುವುದಿಲ್ಲ. ನಾನು ಹಲವು ವರ್ಷ ಡಬ್ಬಿಂಗ್ ಕೋಣೆಯಲ್ಲಿ ಕಳೆದವನು. ನಮ್ಮ ಕೆಲಸ ಎಂಥದ್ದು ಅಂತ ಯಾರಾದರೂ ಕೇಳಿದರೆ ಇದೊಂದು ಹಾಡನ್ನು ತೋರಿಸುತ್ತೇನೆ. ಇದಕ್ಕಿಂತ ಚೆನ್ನಾಗಿ ವಿವರಿಸಲು ನನ್ನಿಂದ ಆಗುವುದಿಲ್ಲ.

ಆದರೆ ಆ ಹಾಡಿನಲ್ಲಿ ಕೇಳುವ ದನಿ ಡೆಬ್ಬಿಯದಲ್ಲ. ಅದು ಬೆಟ್ಟಿ ನಾಯ್ಸ್ ಎಂಬ ಗಾಯಕಿಯದು. ಲೀನಾ ಪರವಾಗಿ ಕ್ಯಾಥಿ ಹಾಡುತ್ತಾಳೆ. ಕ್ಯಾಥಿಯಾದ ಡೆಬ್ಬಿಯ ಪರವಾಗಿ ಬೆಟ್ಟಿ ಹಾಡುತ್ತಾರೆ. ಒಂದೇ ದನಿ ಎರಡು ತುಟಿಗಳನ್ನು ದಾಟಿ ನಮ್ಮ ಕಿವಿಗೆ ಬರುತ್ತದೆ.

ಮಾತಿನ ವಿಷಯ ಇನ್ನೂ ಸ್ವಾರಸ್ಯವಾಗಿದೆ. ಲೀನಾಳ ಸಂಭಾಷಣೆಗೆ ಕ್ಯಾಥಿ ದನಿ ಕೊಡುವ ಒಂದು ದೃಶ್ಯವಿದೆ. ತೆರೆಯನ್ನು ನೋಡುತ್ತಾ ಪ್ರೀತಿಯ ಸಾಲೊಂದನ್ನು ತುಂಬು ದನಿಯಲ್ಲಿ, ಅಚ್ಚುಕಟ್ಟಾದ ಉಚ್ಚಾರದಲ್ಲಿ ಹೇಳುತ್ತಾಳೆ. ಆ ದನಿಯೂ ಡೆಬ್ಬಿಯದಲ್ಲ. ಅದು ಜೀನ್ ಹೇಗನ್ ಅವರ ಸ್ವಂತ ದನಿ! ಡೆಬ್ಬಿ ಟೆಕ್ಸಾಸ್‌ನ ಎಲ್ ಪಾಸೊದಲ್ಲಿ ಹುಟ್ಟಿದವರು. ಅರಮನೆಯ ಕಥೆಯ ನಾಯಕಿಗೆ ಬೇಕಾದ ನಯವಾದ ಇಂಗ್ಲಿಷ್ ಅವರ ಬಾಯಲ್ಲಿ ಬರುತ್ತಿಲ್ಲ ಅಂತ ನಿರ್ದೇಶಕರಿಗೆ ಅನ್ನಿಸಿತು. ಹೇಗನ್ ಅವರ ನಿಜವಾದ ದನಿಯಾದರೋ ಬಹಳ ಚೆಂದ. ಕೀರಲು ದನಿ ಅವರು ಪಾತ್ರಕ್ಕಾಗಿ ಕಟ್ಟಿಕೊಂಡದ್ದು. ಹಾಗಾಗಿ ಲೀನಾಳನ್ನು ಡಬ್ ಮಾಡುತ್ತಿರುವ ಕ್ಯಾಥಿಯನ್ನು ಲೀನಾ ಪಾತ್ರಧಾರಿಯೇ ಡಬ್ ಮಾಡಿದರು. ಇದನ್ನು ಬರೆಯುವಾಗ ನನಗೇ ಒಮ್ಮೆ ನಿಂತು ಲೆಕ್ಕ ಹಾಕಬೇಕಾಯಿತು.

ಇದರಿಂದ ಡೆಬ್ಬಿಯನ್ನು ಕಡಿಮೆ ಅಂದುಕೊಳ್ಳಬೇಡಿ. 1951ರಲ್ಲಿ ಚಿತ್ರೀಕರಣ ನಡೆದಾಗ ಅವರಿಗೆ 19 ವರ್ಷ. ಜಿಮ್ನಾಸ್ಟಿಕ್ಸ್ ಗೊತ್ತಿತ್ತು, ಟ್ಯಾಪ್ ಡ್ಯಾನ್ಸ್ ಗೊತ್ತಿರಲಿಲ್ಲ. ಎದುರಿಗೆ ನಾಯಕ ಡಾನ್ ಆದ ಜೀನ್ ಕೆಲ್ಲಿ, ಅವನ ಗೆಳೆಯ ಕಾಸ್ಮೊ ಆದ ಡೊನಾಲ್ಡ್ ಓಕಾನರ್. ಇಬ್ಬರೂ ಸಣ್ಣ ವಯಸ್ಸಿನಿಂದ ಕುಣಿದು ಪಳಗಿದವರು. ಕೆಲ್ಲಿ ಆ ಹುಡುಗಿಯನ್ನು ತುಂಬ ಕಟುವಾಗಿ ದುಡಿಸಿಕೊಂಡರು. ಅಭ್ಯಾಸದ ಕೋಣೆಯಲ್ಲಿ ಪಿಯಾನೋದ ಕೆಳಗೆ ಕೂತು ಅಳುತ್ತಿದ್ದಾಗ ಫ್ರೆಡ್ ಅಸ್ಟೇರ್ ಕಂಡು ಮಾತಾಡಿಸಿದ್ದನ್ನು, ತಮ್ಮ ಅಭ್ಯಾಸ ನೋಡಲು ಬಿಟ್ಟದ್ದನ್ನು ಡೆಬ್ಬಿ ನಂತರ ನೆನೆದಿದ್ದಾರೆ. ಅಷ್ಟು ದೊಡ್ಡ ನರ್ತಕನೂ ಬೆವರು ಸುರಿಸಿ, ತಪ್ಪು ಮಾಡಿ, ಮತ್ತೆ ಮಾಡುವುದನ್ನು ಅವರು ಅಲ್ಲಿ ಕಂಡರು. ‘ಗುಡ್ ಮಾರ್ನಿಂಗ್’ ಹಾಡಿನಲ್ಲಿ ಮೂವರೂ ಮೆಟ್ಟಿಲು ಹತ್ತಿ ಇಳಿದು, ಸೋಫಾ ಉರುಳಿಸಿ ನಗುತ್ತಾ ಬೀಳುತ್ತಾರೆ. ಅದರ ಚಿತ್ರೀಕರಣ ಬೆಳಿಗ್ಗೆ ಶುರುವಾಗಿ ರಾತ್ರಿಯವರೆಗೂ ನಡೆಯಿತು. ಮುಗಿದಾಗ ಡೆಬ್ಬಿಯ ಪಾದಗಳಲ್ಲಿ ರಕ್ತ ಬಂದಿತ್ತು. ಆ ನಗು ಮಾತ್ರ ತೆರೆಯ ಮೇಲೆ ಎಷ್ಟು ಹಗುರವಾಗಿದೆ ನೋಡಿ.

ಈಗ ಮೊದಲ ಪ್ರಶ್ನೆ. ಇದು ನಡೆದದ್ದೇ?

ಈ ಚಿತ್ರದಲ್ಲಿ ಹಾಡುಗಳು ಮೊದಲು ಬಂದವು, ಕಥೆ ಆಮೇಲೆ. ನಿರ್ಮಾಪಕ ಆರ್ಥರ್ ಫ್ರೀಡ್ ಮೊದಲಿಗೆ ಗೀತೆ ಬರೆಯುತ್ತಿದ್ದವರು. ಟಾಕಿ ಬಂದ ಹೊಸತರಲ್ಲೇ ಎಂಜಿಎಂ ಸ್ಟುಡಿಯೋ ಸೇರಿದರು. ನೇಸಿಯೊ ಹರ್ಬ್ ಬ್ರೌನ್ ರಾಗ ಹಾಕುತ್ತಿದ್ದರು, ಇವರು ಸಾಲು ಬರೆಯುತ್ತಿದ್ದರು. ಚಿತ್ರದ ಹೆಸರಿನ ಆ ಮಳೆ ಹಾಡು 1929ರ ‘ದ ಹಾಲಿವುಡ್ ರೆವ್ಯೂ ಆಫ್ 1929’ ಚಿತ್ರದಲ್ಲೇ ಬಂದಿತ್ತು. ಇಪ್ಪತ್ತು ವರ್ಷ ಕಳೆದ ಮೇಲೆ ಫ್ರೀಡ್‌ಗೆ ತಮ್ಮ ಹಳೆಯ ಹಾಡುಗಳನ್ನು ಸೇರಿಸಿ ಒಂದು ಚಿತ್ರ ಮಾಡುವ ಆಸೆಯಾಯಿತು. ಬೆಟ್ಟಿ ಕಾಮ್ಡನ್, ಅಡಾಲ್ಫ್ ಗ್ರೀನ್ ಎಂಬ ಬರಹಗಾರರ ಜೋಡಿಗೆ ಹಾಡುಗಳನ್ನು ಕೊಟ್ಟು ಕಥೆ ಬರೆಯಿರಿ ಅಂದರು. ಹಾಡುಗಳು ಹುಟ್ಟಿದ ಕಾಲದಲ್ಲೇ ಕಥೆಯನ್ನೂ ಇಟ್ಟರೆ ಹೇಗೆ ಅಂತ ಆ ಜೋಡಿಗೆ ಹೊಳೆಯಿತು. ಆ ಕಾಲ ಅಂದರೆ ಮೂಕಿ ಮುಗಿದು ಟಾಕಿ ಶುರುವಾದ ಕಾಲ. ಅದನ್ನು ಕಣ್ಣಾರೆ ಕಂಡವರು ಸ್ಟುಡಿಯೋದಲ್ಲಿ ಇನ್ನೂ ಕೆಲಸ ಮಾಡುತ್ತಿದ್ದರು. ಛಾಯಾಗ್ರಾಹಕ ಹೆರಾಲ್ಡ್ ರಾಸನ್ ಮೂಕಿ ಚಿತ್ರಗಳಿಗೆ ಕ್ಯಾಮೆರಾ ಹಿಡಿದವರು. ಉಡುಪು ಮಾಡಿದ ವಾಲ್ಟರ್ ಪ್ಲಂಕೆಟ್ 1920ರ ದಶಕದಲ್ಲೇ ಈ ಕೆಲಸಕ್ಕೆ ಬಂದವರು. ಹೀಗಾಗಿ ನೀವು ನಕ್ಕ ದೃಶ್ಯಗಳಲ್ಲಿ ಹೆಚ್ಚಿನವು ಸುಮ್ನೆ ಕಟ್ಟಿದವಲ್ಲ.

ಕ್ಯಾಮೆರಾವನ್ನು ಗಾಜಿನ ಗೂಡಿನಲ್ಲಿ ಕೂರಿಸಿದ್ದು ನೆನಪಿದೆಯಾ? ಅದು ನಿಜ. ಕ್ಯಾಮೆರಾ ಗರಗರ ಸದ್ದು ಮಾಡುತ್ತಿತ್ತು, ಮೈಕ್ ಅದನ್ನೂ ಹಿಡಿಯುತ್ತಿತ್ತು. ಅದಕ್ಕೆ ಕ್ಯಾಮೆರಾವನ್ನೂ ಅದರ ಆಪರೇಟರನ್ನೂ ಸೇರಿಸಿ ಒಂದು ಪೆಟ್ಟಿಗೆಯೊಳಗೆ ಕೂಡಿ ಹಾಕುತ್ತಿದ್ದರು. ಒಳಗೆ ವಿಪರೀತ ಸೆಕೆ. ಮೂಕಿಯ ಕೊನೆಯ ವರ್ಷಗಳಲ್ಲಿ ಹಕ್ಕಿಯ ಹಾಗೆ ಹಾರಾಡುತ್ತಿದ್ದ ಕ್ಯಾಮೆರಾ ಇದ್ದಕ್ಕಿದ್ದಂತೆ ಗೂಟಕ್ಕೆ ಕಟ್ಟಿದ ಹಾಗಾಯಿತು. ಗಿಡದಲ್ಲಿ, ಬಟ್ಟೆಯಲ್ಲಿ ಮೈಕ್ ಬಚ್ಚಿಡುವುದೂ ನಿಜವೇ. ಮೈಕ್ ಇದ್ದ ಕಡೆಗೇ ನಟರು ಮುಖ ಮಾಡಬೇಕಿತ್ತು, ತಲೆ ತಿರುಗಿಸಿದರೆ ಮಾತು ಮಾಯ. ನಿರ್ದೇಶಕಿ ಡೊರೊಥಿ ಆರ್ಜ್ನರ್ 1929ರಲ್ಲಿ ಕ್ಲಾರಾ ಬೋ ಅವರ ಮೊದಲ ಟಾಕಿ ತೆಗೆಯುವಾಗ ಮೈಕನ್ನು ಉದ್ದ ಕೋಲಿಗೆ ಕಟ್ಟಿ ನಟಿಯ ತಲೆಯ ಮೇಲೆ ಹಿಡಿಸಿದರಂತೆ. ಆಗ ನಟಿಗೆ ಓಡಾಡಲು ಆಯಿತು. ಇವತ್ತು ಪ್ರತಿ ಶೂಟಿಂಗ್‌ನಲ್ಲೂ ಕಾಣುವ ಬೂಮ್ ಕೋಲು ಅದೇ ಉಪಾಯದ ಮರಿಮಗು.

ಪ್ರಿವ್ಯೂ ದಿನ ತುಟಿಗೂ ಮಾತಿಗೂ ತಾಳ ತಪ್ಪಿ, ಗಂಡಸಿನ ಬಾಯಲ್ಲಿ ಹೆಣ್ಣಿನ ದನಿ ಬರುತ್ತದಲ್ಲ, ಅದಕ್ಕೂ ಕಾರಣ ಇತ್ತು. ವಾರ್ನರ್ ಬ್ರದರ್ಸ್ ಬಳಸಿದ ವೈಟಾಫೋನ್ ಪದ್ಧತಿಯಲ್ಲಿ ಸದ್ದು ಫಿಲ್ಮಿನ ಮೇಲೆ ಇರಲಿಲ್ಲ. 16 ಇಂಚಿನ ಗ್ರಾಮಫೋನ್ ತಟ್ಟೆಯ ಮೇಲಿತ್ತು. ಒಂದು ರೀಲಿಗೆ ಒಂದು ತಟ್ಟೆ, ಸುಮಾರು 11 ನಿಮಿಷ. ಪ್ರೊಜೆಕ್ಟರ್ ಮತ್ತು ತಟ್ಟೆ ಒಟ್ಟಿಗೇ ತಿರುಗಬೇಕು. ಮುಳ್ಳು ಒಂದು ಗೆರೆ ಹಾರಿದರೆ ಮುಗಿಯಿತು. ಫಿಲ್ಮ್ ಹರಿದು ನಾಲ್ಕು ಚೌಕ ಕತ್ತರಿಸಿ ಅಂಟಿಸಿದರೂ ಅಷ್ಟೇ. ಕಳೆದುಹೋದಷ್ಟೇ ಕಪ್ಪು ಫಿಲ್ಮನ್ನು ಆ ಜಾಗಕ್ಕೆ ಸೇರಿಸಬೇಕಿತ್ತು, ಇಲ್ಲದಿದ್ದರೆ ಮಾತು ಹಿಂದೆ ಮುಂದೆ. ‘ದ ಜಾಝ್ ಸಿಂಗರ್’ 1927ರ ಅಕ್ಟೋಬರ್ 6ರಂದು ನ್ಯೂಯಾರ್ಕ್‌ನಲ್ಲಿ ತೆರೆ ಕಂಡದ್ದು ಇದೇ ತಟ್ಟೆಗಳ ಜೊತೆ. ಕೆಲವೇ ವರ್ಷಗಳಲ್ಲಿ ಸದ್ದನ್ನು ಫಿಲ್ಮಿನ ಅಂಚಿನಲ್ಲೇ ಬೆಳಕಿನ ಗೆರೆಯಾಗಿ ಅಚ್ಚು ಮಾಡುವ ಪದ್ಧತಿ ಗೆದ್ದಿತು.

ನಾಯಕ ಡಾನ್ ಒಂದೇ ಪ್ರೀತಿಯ ಮಾತನ್ನು ಮತ್ತೆ ಮತ್ತೆ ಹೇಳಿ ಜನ ಗೊಳ್ಳೆಂದು ನಗುತ್ತಾರಲ್ಲ, ಅದರ ಹಿಂದೆ ಜಾನ್ ಗಿಲ್ಬರ್ಟ್ ಅವರ ನೋವಿನ ಕಥೆ ಇದೆ. ಮೂಕಿಯ ಬಹುದೊಡ್ಡ ಪ್ರೇಮಿ ನಾಯಕ ಅವರು. 1929ರ ‘ಹಿಸ್ ಗ್ಲೋರಿಯಸ್ ನೈಟ್’ ಚಿತ್ರದಲ್ಲಿ ಅವರ ಪ್ರೇಮ ಸಂಭಾಷಣೆ ಕೇಳಿ ಪ್ರೇಕ್ಷಕರು ನಕ್ಕರು. ಗಿಲ್ಬರ್ಟ್ ದನಿ ಕೀರಲಾಗಿತ್ತು, ಅದಕ್ಕೇ ಮುಳುಗಿದರು ಅನ್ನುವ ಮಾತು ಇವತ್ತಿಗೂ ಓಡಾಡುತ್ತಿದೆ. ಅದು ತಪ್ಪು. ಅವರ ನಂತರದ ಟಾಕಿಗಳು ಉಳಿದಿವೆ, ಕೇಳಿ ನೋಡಿ. ಸಾಧಾರಣ ಗಂಡು ದನಿ. ಕೆಟ್ಟದ್ದು ಸಂಭಾಷಣೆ. ಮೂಕಿಯಲ್ಲಿ ಕಣ್ಣು, ಕೈ ಹೇಳುತ್ತಿದ್ದ ಪ್ರೀತಿಯನ್ನು ಬಾಯಿಗೆ ಹಾಕಿದಾಗ ಅದು ಜನರಿಗೆ ಮುಜುಗರ ತಂದಿತು. ಇದೇ ಹೊತ್ತಿನಲ್ಲಿ ಸ್ವೀಡನ್ ಮೂಲದ ಗ್ರೇಟಾ ಗಾರ್ಬೊ ದಪ್ಪ ದನಿಯಲ್ಲಿ, ಪರದೇಶದ ಉಚ್ಚಾರದಲ್ಲಿ ಮಾತಾಡಿ ಗೆದ್ದರು. 1930ರ ‘ಆ್ಯನಾ ಕ್ರಿಸ್ಟಿ’ ಚಿತ್ರದ ಜಾಹೀರಾತೇ ‘ಗಾರ್ಬೊ ಮಾತಾಡುತ್ತಾಳೆ’ ಅಂತ ಇತ್ತು. ದನಿಯೊಂದೇ ಯಾರ ಹಣೆಬರಹವನ್ನೂ ಬರೆಯಲಿಲ್ಲ.

ದನಿ ಬದಲಿಸುವುದೂ ಆಗಲೇ ನಡೆದಿತ್ತು. 1929ರ ‘ದ ಕ್ಯಾನರಿ ಮರ್ಡರ್ ಕೇಸ್’ ಮೂಕಿಯಾಗಿ ತಯಾರಾದ ಚಿತ್ರ. ಅದನ್ನು ಟಾಕಿ ಮಾಡಲು ಹೊರಟಾಗ ನಟಿ ಲೂಯಿಸ್ ಬ್ರೂಕ್ಸ್ ವಾಪಸ್ ಬರಲು ಒಪ್ಪಲಿಲ್ಲ. ಮಾರ್ಗರೆಟ್ ಲಿವಿಂಗ್‌ಸ್ಟನ್ ಎಂಬ ಇನ್ನೊಬ್ಬ ನಟಿ ಅವರಿಗೆ ದನಿ ಕೊಟ್ಟರು. ಅದೇ ವರ್ಷ ‘ವೇರಿ ರಿವರ್’ ಚಿತ್ರದಲ್ಲಿ ರಿಚರ್ಡ್ ಬಾರ್ತೆಲ್ಮೆಸ್ ಹಾಡಿದಂತೆ ಕಂಡದ್ದು ಜಾನಿ ಮುರ್ರೆ ದನಿಯಲ್ಲಿ. ಇಂಗ್ಲೆಂಡಿನಲ್ಲಿ ಹಿಚ್‌ಕಾಕ್ ‘ಬ್ಲ್ಯಾಕ್‌ಮೇಲ್’ ತೆಗೆಯುವಾಗ ನಾಯಕಿ ಆ್ಯನಿ ಒಂಡ್ರಾ ಅವರ ಇಂಗ್ಲಿಷಿನಲ್ಲಿ ಚೆಕ್ ಉಚ್ಚಾರ ಜಾಸ್ತಿ ಇತ್ತು. ಆಗ ಡಬ್ಬಿಂಗ್ ಸೌಕರ್ಯ ಇರಲಿಲ್ಲ. ಒಂಡ್ರಾ ಕ್ಯಾಮೆರಾ ಮುಂದೆ ಬರೀ ತುಟಿ ಆಡಿಸಿದರು. ಜೋನ್ ಬ್ಯಾರಿ ಚೌಕಟ್ಟಿನ ಆಚೆ ಮೈಕ್ ಹಿಡಿದು ಅದೇ ಕ್ಷಣದಲ್ಲಿ ಮಾತಾಡಿದರು. ಪರದೆಯ ಹಿಂದೆ ಕ್ಯಾಥಿ ನಿಂತು ಹಾಡುವ ದೃಶ್ಯಕ್ಕೆ ಇದಕ್ಕಿಂತ ಹತ್ತಿರದ ನಿಜ ಘಟನೆ ನನಗೆ ಬೇರೆ ಗೊತ್ತಿಲ್ಲ.

ಒಂದು ವಿಷಯವನ್ನು ಮಾತ್ರ ಈ ಚಿತ್ರ ಬೇಗ ದಾಟಿಬಿಡುತ್ತದೆ, ಅದು ನನಗೆ ಚುಚ್ಚುತ್ತದೆ. ನಾಯಕನ ಗೆಳೆಯ ಕಾಸ್ಮೊ ಮೂಕಿ ಸೆಟ್ಟಿನಲ್ಲಿ ಪಿಯಾನೋ ನುಡಿಸಿ ನಟರಿಗೆ ಮೂಡ್ ತರಿಸುವವನು. ಟಾಕಿ ಬಂದಾಗ ಅವನ ಕೆಲಸ ಹೋಗುವ ಮಾತು ಬರುತ್ತದೆ. ಮರುಕ್ಷಣ ಅವನಿಗೆ ಹೊಸ ಸಂಗೀತ ವಿಭಾಗದ ಮುಖ್ಯಸ್ಥನ ಪಟ್ಟ ಸಿಗುತ್ತದೆ. ಹೊರಗೆ ಹಾಗಾಗಲಿಲ್ಲ. ಚಿತ್ರಮಂದಿರಗಳಲ್ಲಿ ಪ್ರತಿ ಆಟಕ್ಕೂ ನುಡಿಸುತ್ತಿದ್ದ ಸಾವಿರಾರು ವಾದ್ಯಗಾರರು ಬೀದಿಗೆ ಬಿದ್ದರು. ಡಬ್ಬಿಯಲ್ಲಿ ತುಂಬಿದ ಸಂಗೀತ ಬೇಡ ಅಂತ ಅವರ ಸಂಘ ಪತ್ರಿಕೆಗಳಲ್ಲಿ ಜಾಹೀರಾತು ಹಾಕಿ ಹೋರಾಡಿತು. ಸೋತಿತು. ತಾರೆಯರ ದನಿಯ ಬಗ್ಗೆ ಇಷ್ಟು ಕಥೆಗಳಿವೆ, ಅವರ ಬಗ್ಗೆ ಯಾರೂ ಹಾಡಿನ ಸಿನಿಮಾ ಮಾಡಲಿಲ್ಲ.

ಇನ್ನು ನಿಮ್ಮ ಮೂರನೆಯ ಪ್ರಶ್ನೆ. ನಮಗೆ ಮಾಮೂಲಿಯಾದದ್ದು ಅವರಿಗೆ ಯಾಕೆ ಹಗರಣ?

ಅವರಿಗೆ ಟಾಕಿಯನ್ನು ಮಾರಿದ್ದೇ ‘ನಿಮ್ಮ ತಾರೆಯ ನಿಜವಾದ ದನಿ ಕೇಳಿ’ ಅಂತ. ದನಿಯೇ ಅಲ್ಲಿ ಸರಕು. ಅದರಲ್ಲೇ ಕಲಬೆರಕೆ ಅಂದರೆ ಜನ ಸಿಟ್ಟಾಗುವುದು ಸಹಜ. 1929ರಲ್ಲೇ ‘ಫೋಟೋಪ್ಲೇ’ ಪತ್ರಿಕೆ ಯಾವ ಯಾವ ತಾರೆಗೆ ಬೇರೆಯವರು ದನಿ ಕೊಡುತ್ತಿದ್ದಾರೆ ಅಂತ ಬಯಲು ಮಾಡುವ ಲೇಖನ ಹಾಕಿತು. ನಮ್ಮಲ್ಲಿ ದಾರಿ ಬೇರೆಯಾಯಿತು. 1934ರ ‘ಸತಿ ಸುಲೋಚನ’ ಕನ್ನಡದ ಮೊದಲ ಟಾಕಿ. ಅದರಲ್ಲಿ ನಟಿಸಿದವರು ಕಂಪನಿ ನಾಟಕದ ಕಲಾವಿದರು, ರಂಗದ ಮೇಲೆ ಹಾಡಿಕೊಂಡೇ ಬೆಳೆದವರು. ಮೈಕ್ ಅವರನ್ನು ಹೆದರಿಸಲಿಲ್ಲ. 1935ರಲ್ಲಿ ಕಲ್ಕತ್ತದ ನ್ಯೂ ಥಿಯೇಟರ್ಸ್ ಹಿನ್ನೆಲೆ ಗಾಯನ ಶುರು ಮಾಡಿದ ಮೇಲೆ ಹಾಡಿಗೇ ಒಂದು ಸ್ವಂತ ಬದುಕು ಬಂತು. ರೆಕಾರ್ಡಿನಲ್ಲಿ, ರೇಡಿಯೋದಲ್ಲಿ ಅದು ಗಾಯಕರ ಹೆಸರಿನಲ್ಲೇ ಓಡಾಡಿತು. ರಾಜ್‌ಕುಮಾರ್ ಶರೀರ, ಪಿ.ಬಿ. ಶ್ರೀನಿವಾಸ್ ಶಾರೀರ ಅನ್ನುವುದು ನಮ್ಮಲ್ಲಿ ಮನೆಮಾತು. ಅದರಲ್ಲಿ ಯಾರಿಗೂ ಮೋಸ ಕಾಣಲಿಲ್ಲ, ಪ್ರೀತಿ ಕಂಡಿತು. ಮುಂದೆ 1974ರ ‘ಸಂಪತ್ತಿಗೆ ಸವಾಲ್’ನಲ್ಲಿ ರಾಜ್‌ಕುಮಾರ್ ತಾವೇ ಹಾಡಿ ಗೆದ್ದಾಗಲೂ ಹಳೆಯ ಹಾಡುಗಳ ಬೆಲೆ ಒಂದು ಗುಲಗಂಜಿಯಷ್ಟೂ ಇಳಿಯಲಿಲ್ಲ.

ನಮ್ಮ ದೇಶದಲ್ಲೂ ಗಾಯಕರಿಗೆ ಈ ಹೆಸರು ಸುಮ್ನೆ ಸಿಗಲಿಲ್ಲ ಅನ್ನುವುದನ್ನು ಮರೆಯಬಾರದು. 1949ರ ಹಿಂದಿ ಚಿತ್ರ ‘ಮಹಲ್’ನಲ್ಲಿ ಲತಾ ಮಂಗೇಶ್ಕರ್ ಹಾಡಿದ ಆ ಪ್ರಸಿದ್ಧ ಹಾಡಿನ ರೆಕಾರ್ಡಿನ ಮೇಲೆ ಮೊದಲು ಅಚ್ಚಾದ ಹೆಸರು ‘ಕಾಮಿನಿ’. ಅದು ಪಾತ್ರದ ಹೆಸರು, ಗಾಯಕಿಯದಲ್ಲ. ಮಾತಿನ ಡಬ್ಬಿಂಗ್ ಮಾಡುವವರಿಗೆ ಆ ಗೌರವ ಇವತ್ತಿಗೂ ಪೂರ್ತಿ ಸಿಕ್ಕಿಲ್ಲ. ಕನ್ನಡ ಬಾರದ ನಾಯಕಿಗೆ ಇಡೀ ಚಿತ್ರಕ್ಕೆ ಉಸಿರು ಕೊಟ್ಟ ಹೆಣ್ಣುಮಗಳೊಬ್ಬಳು ಟೈಟಲ್ ಕಾರ್ಡಿನಲ್ಲಿ ತನ್ನ ಹೆಸರು ಹುಡುಕಿ, ಕಾಣದೆ, ಥಿಯೇಟರಿನಿಂದ ಎದ್ದು ಬಂದದ್ದನ್ನು ನಾನು ಪಕ್ಕದ ಸೀಟಿನಲ್ಲಿ ಕೂತು ನೋಡಿದ್ದೇನೆ.

ಅದಕ್ಕೇ ನನಗೆ ಈ ಚಿತ್ರದ ಹಗರಣ ಬೇರೆ ಥರ ಕಾಣುತ್ತದೆ. ಇನ್ನೊಮ್ಮೆ ಗಮನವಿಟ್ಟು ನೋಡಿ. ದನಿ ಎರವಲು ಕೊಡುವುದಕ್ಕೆ ಕ್ಯಾಥಿಯ ಆಕ್ಷೇಪ ಇಲ್ಲ. ಅವಳು ಖುಷಿಯಿಂದಲೇ ಒಪ್ಪುತ್ತಾಳೆ. ಸ್ಟುಡಿಯೋ ಮಾಲೀಕ ಅವಳ ಹೆಸರನ್ನು ತೆರೆಯ ಮೇಲೆ ಹಾಕುವ ಯೋಚನೆಯಲ್ಲೂ ಇರುತ್ತಾನೆ. ಅದು ತಿಳಿದ ಲೀನಾ ಕರಾರು ಪತ್ರ ತೋರಿಸಿ ಹೆದರಿಸುತ್ತಾಳೆ. ಹೆಸರು ಹಾಕಕೂಡದು, ಕ್ಯಾಥಿ ತನಗೆ ದನಿ ಕೊಡುತ್ತಾ ಹಿಂದೆಯೇ ಇರಬೇಕು ಅಂತ ಹಟ ಹಿಡಿಯುತ್ತಾಳೆ. ಕಥೆ ಕೆಡುವುದು ಅಲ್ಲಿ. ಅಲ್ಲಿಯವರೆಗೆ ಡಬ್ಬಿಂಗ್ ಅವರಿಗೆಲ್ಲ ಒಂದು ಜಾಣ ಉಪಾಯ ಅಷ್ಟೇ. ಕೊನೆಗೆ ಪರದೆ ಎಳೆದಾಗ ಜನ ನಗುವುದು ಲೀನಾಳ ದನಿಗೆ. ಡಾನ್ ಕೂಗಿ ಹೇಳುವುದು ಮಾತ್ರ ನಿಜವಾದ ತಾರೆ ಯಾರು ಅಂತ.

ಮೊದಲೇ ಮುದ್ರಿಸಿದ ಹಾಡಿಗೆ ತುಟಿ ಆಡಿಸುವ ಈ ವಿದ್ಯೆಯ ಹುಟ್ಟೂ ಆರ್ಥರ್ ಫ್ರೀಡ್‌ಗೆ ಗೊತ್ತಿತ್ತು. 1929ರ ‘ದ ಬ್ರಾಡ್‌ವೇ ಮೆಲಡಿ’ ಚಿತ್ರಕ್ಕೆ ಫ್ರೀಡ್ ಮತ್ತು ಬ್ರೌನ್ ಬರೆದ ಒಂದು ದೊಡ್ಡ ಹಾಡನ್ನು ಮತ್ತೆ ಚಿತ್ರೀಕರಿಸಬೇಕಾಗಿ ಬಂತು. ಎಂಜಿಎಂ ಧ್ವನಿ ವಿಭಾಗದ ಡಗ್ಲಸ್ ಶಿಯರರ್, ಹಾಡು ಈಗಾಗಲೇ ಚೆನ್ನಾಗಿ ಮುದ್ರಣವಾಗಿದೆ, ಅದನ್ನೇ ಹಾಕಿ ಕುಣಿಸೋಣ, ಚಿತ್ರ ಮಾತ್ರ ಹೊಸದಾಗಿ ತೆಗೆಯೋಣ ಅಂದರು. ಎಂಜಿಎಂನಲ್ಲಿ ಪ್ಲೇಬ್ಯಾಕ್ ನೆಲೆಯೂರಿದ್ದು ಹೀಗೆ. ಮಳೆ ಹಾಡಿನಲ್ಲೂ ಅದೇ. ಹಾಡು ಮೊದಲೇ ಮುದ್ರಣವಾಗಿತ್ತು. ಕೊಳವೆ ನೀರಿನ ಆರ್ಭಟದಲ್ಲಿ ಬೂಟಿನ ಟಪಟಪ ಕೇಳುವುದು ಹೇಗೆ? ಅದನ್ನು ಆಮೇಲೆ ಧ್ವನಿ ಕೋಣೆಯಲ್ಲಿ ಸೇರಿಸಿದರು. ಮಳೆಗೆ ಹಾಲು ಬೆರೆಸಿದ್ದರು ಅನ್ನುವ ಮಾತನ್ನು ನಂಬಬೇಡಿ. ಹನಿಗಳ ಹಿಂದಿನಿಂದ ರಾಸನ್ ದೀಪ ಇಟ್ಟದ್ದರಿಂದ ಅವು ಹಾಗೆ ಹೊಳೆಯುತ್ತವೆ. ಜ್ವರ ಮಾತ್ರ ನಿಜ, ಕೆಲ್ಲಿಗೆ 103 ಡಿಗ್ರಿ ಜ್ವರ ಇತ್ತು.

ಚಿತ್ರಕ್ಕೆ ಎರಡೇ ಆಸ್ಕರ್ ನಾಮನಿರ್ದೇಶನ ಬಂದವು. ಒಂದು ಸಂಗೀತಕ್ಕೆ, ಇನ್ನೊಂದು ಜೀನ್ ಹೇಗನ್‌ಗೆ. ಎರಡೂ ಗೆಲ್ಲಲಿಲ್ಲ. ಕಾಲ ಕಳೆದ ಹಾಗೆ ಚಿತ್ರದ ಮಾನ ಏರಿತು. ‘ಸೈಟ್ ಆ್ಯಂಡ್ ಸೌಂಡ್’ ಪತ್ರಿಕೆ 2022ರಲ್ಲಿ ಜಗತ್ತಿನ ವಿಮರ್ಶಕರನ್ನು ಕೇಳಿ ಮಾಡಿದ ಸಾರ್ವಕಾಲಿಕ ಶ್ರೇಷ್ಠ ಚಿತ್ರಗಳ ಪಟ್ಟಿಯಲ್ಲಿ ಅದು 10ನೆಯ ಸ್ಥಾನದಲ್ಲಿದೆ.

ಬೆಟ್ಟಿ ನಾಯ್ಸ್ ಅವರ ಹೆಸರು ಚಿತ್ರದ ಟೈಟಲ್‌ನಲ್ಲಿ ಇಲ್ಲ. ಹೆಸರು ಕಸಿದುಕೊಳ್ಳುವುದು ಅನ್ಯಾಯ ಅಂತ ಹೇಳುವ ಚಿತ್ರವೇ ಆ ಹೆಸರನ್ನು ಬಿಟ್ಟುಬಿಟ್ಟಿತು. ಆ ಕಾಲದ ರೂಢಿ ಹಾಗಿತ್ತು ನಿಜ, ಆದರೂ ನನಗೆ ಪ್ರತಿ ಸಲ ಬೇಜಾರಾಗುತ್ತದೆ. ಇದು ಅವರಿಗೆ ಮೊದಲ ಸಲವೂ ಅಲ್ಲ. 1941ರ ಡಿಸ್ನಿ ಚಿತ್ರ ‘ಡಂಬೊ’ದಲ್ಲಿ ಸರಪಳಿ ಬಿಗಿದ ತಾಯಿ ಆನೆ ಸೊಂಡಿಲಲ್ಲಿ ಮರಿಯನ್ನು ತೂಗುವಾಗ ಕೇಳುವ ಜೋಗುಳ ಇದೆಯಲ್ಲ, ಅದನ್ನು ಹಾಡಿದವರೂ ಅವರೇ. ಆ ಹಾಡು ಆಸ್ಕರ್‌ಗೆ ನಾಮನಿರ್ದೇಶನ ಆಯಿತು. ಅಲ್ಲೂ ಗಾಯಕಿಯ ಹೆಸರು ತೆರೆಯ ಮೇಲೆ ಬರಲಿಲ್ಲ. ಮಗಳ ಜೊತೆ ಇನ್ನೊಮ್ಮೆ ಕೂತಾಗ ಎರಡೂ ಹಾಡುಗಳನ್ನು ಒಂದಾದ ಮೇಲೆ ಒಂದು ಹಾಕಿ ಕೇಳಿಸಿ. ಅದೇ ದನಿ ಅಂತ ಅವಳಿಗೆ ಗೊತ್ತಾಗುತ್ತದೆ.